ಮಾಗಡಿಯ ಕೆರೆಯೂ ದೇಶದೇಶಗಳ ಆಡಳಿತ ಮಂಡಲಿಗಳೂ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಎಂಬುದೊಂದು ಊರು. ಇದು ಬೆಂಗಳೂರಿನ ಸಮೀಪದ, ಕೆಂಪೇಗೌಡರ ಮಾಗಡಿಯಲ್ಲ. ಹೆಸರು ಮಾತ್ರ ಒಂದೇ. ಶಿರಹಟ್ಟಿಯಿಂದ ಸುಮಾರು ಎಂಟು ಕಿಲೋಮೀಟರು ದೂರದಲ್ಲಿರುವ ಈ ಊರಿನ ಕೆರೆಯು ಮಳೆಯ ನೀರನ್ನು ತಡೆದು ಹೊಲಗಳಿಗೆ ಉಣಿಸುವುದಕ್ಕಾಗಿ ಜನರು ಕಟ್ಟಿಕೊಂಡದ್ದು. ವಿಸ್ತೀರ್ಣ ಸುಮಾರು 50 ಹೆಕ್ಟೇರು. ಬಯಲುಸೀಮೆಯಲ್ಲಿ ಇದಕ್ಕಿಂತ ದೊಡ್ಡ ಕೆರೆಗಳು ಬೇಕಾದಷ್ಟಿವೆ. ಆದರೆ ಪ್ರತಿವರ್ಷವೂ ಚಳಿಗಾಲ ಮೊದಲಾಯಿತೆಂದರೆ ಇಲ್ಲಿಗೆ ಬರುವ ಅತಿಥಿಗಳು ಬೇರೆ ಕೆರೆಗಳಿಗೆ ಅಷ್ಟು ಸಂಖ್ಯೆಯಲ್ಲಿ ಬರುವುದಿಲ್ಲ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳುಳ್ಳ ಪಟ್ಟೆತಲೆಯ ಹೆಬ್ಬಾತುಗಳು ಸುಮಾರು 8,000ದಷ್ಟು ಬಂದಿಳಿಯುತ್ತವೆಂದು ಗಣನೆಯಿದೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲವನ್ನು ಕಳೆಯುವ ಅತಿದೊಡ್ಡ ತಾಣಗಳಲ್ಲಿ ಇದೊಂದು.

ಈ ಹಕ್ಕಿಗಳು ಬರುವುದು ಟಿಬೆಟ್, ಮಂಗೋಲಿಯ ಮೊದಲಾದ ಎತ್ತರದ ನಾಡುಗಳಿಂದ. ನಡುವೆ ಹಿಮಾಲಯವಿದೆ. ಇವುಗಳ ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೇರೆ ಬಾತುಗಳದಕ್ಕಿಂತ ಹೆಚ್ಚು ಸುಲಭವಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ತೆಳುವಾದ ಗಾಳಿಯಲ್ಲಿಯೂ ರೆಕ್ಕೆ ಬಡಿಯಬಲ್ಲವು. ಚಿಕ್ಕ ರೇಡಿಯೋ ಯಂತ್ರಗಳನ್ನು ಕಟ್ಟಿ ಬಿಟ್ಟ ಹಕ್ಕಿಗಳಲ್ಲೊಂದು 7,290 ಮೀಟರು ಎತ್ತರದಲ್ಲಿ ಹಾರಿದ್ದುಂಟು. ಹಗಲು ನೀರಿನಲ್ಲಿ ವಿಶ್ರಮಿಸಿ, ಹೊತ್ತು ಇಳಿದ ಮೇಲೆಯೂ ನಸುಕಿನಲ್ಲಿಯೂ ಸುತ್ತಲಿನ ಹೊಲಗಳಿಗೆ ಮೇಯುವುದಕ್ಕೆ ಹೋಗುವುದು ಇವುಗಳ ಅಭ್ಯಾಸ. ಹೊಲ ಯಾರದೆಂದು ಹೆಬ್ಬಾತು ಕೇಳುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ವಿಷಯಕ್ಕೆ ಅದು ಮುಂದೆ ಬೇಕಾಗುವುದು.

2024ರ ಜನವರಿಯ ಕೊನೆಯಲ್ಲಿ ಮಾಗಡಿ ಕೆರೆಯ ಹೆಸರು ರಾಮ್ಸಾರ್ ಪಟ್ಟಿಗೆ ಸೇರಿದುದು ಪ್ರಕಟವಾಯಿತು. ಅಂಕಸಮುದ್ರದ ಪಕ್ಷಿಧಾಮವೂ ಅಘನಾಶಿನಿಯ ಅಳಿವೆಯೂ ಅದರ ಜೊತೆಯಲ್ಲಿಯೇ ಸೇರಿದವು. ರಂಗನತಿಟ್ಟು ಅದಕ್ಕೆ ಮೊದಲು, 2022ರಲ್ಲಿ, ಸೇರಿತ್ತು. ರಾಮ್ಸಾರ್ ಎಂಬುದು ಇರಾನ್ ದೇಶದಲ್ಲಿ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿರುವ ಪಟ್ಟಣ. 1971ರ ಫೆಬ್ರವರಿ 2ರಂದು ಅಲ್ಲಿ ಜೌಗುಭೂಮಿಗಳನ್ನು ಕಾಪಾಡುವುದಕ್ಕಾಗಿ ದೇಶದೇಶಗಳ ಒಪ್ಪಂದವೊಂದಾಯಿತು. ಕೆರೆ, ಹಿನ್ನೀರು, ಅಳಿವೆ, ಕೆಸರುಗದ್ದೆ ಎಲ್ಲವೂ ಅದರ ಪರಿಭಾಷೆಯಲ್ಲಿ ಜೌಗುಭೂಮಿಯೇ. ಭಾರತವು 1982ರಲ್ಲಿ ಇದಕ್ಕೆ ಸೇರಿತು. ಇಂದು 170ಕ್ಕೂ ಹೆಚ್ಚು ರಾಷ್ಟ್ರಗಳು ಇದರ ಸದಸ್ಯರು. ಪಟ್ಟಿಯಲ್ಲಿ 2,500ಕ್ಕೆ ಮೀರಿದ ತಾಣಗಳಿವೆ.

ಪಟ್ಟಿಗೆ ಸೇರಿತೆಂದರೆ ಕೆರೆಯು ಪರದೇಶದವರ ವಶವಾಯಿತೆಂದು ಅರ್ಥವಲ್ಲ. ತಾಣವಿರುವ ದೇಶದ ಸಾರ್ವಭೌಮ ಹಕ್ಕಿಗೆ ಯಾವ ಬಾಧೆಯೂ ಇಲ್ಲವೆಂದು ಒಪ್ಪಂದವೇ ಸ್ಪಷ್ಟಪಡಿಸುತ್ತದೆ. ಅದರ ಸಹಜ ಸ್ವರೂಪವನ್ನು ಕೆಡದಂತೆ ಕಾಪಾಡುವೆನೆಂದು ಒಂದು ರಾಷ್ಟ್ರ ಉಳಿದ ರಾಷ್ಟ್ರಗಳಿಗೆ ಕೊಟ್ಟ ಮಾತು ಅದು, ಅಷ್ಟೆ. ಹಾಗಾದರೆ ಆ ಮಾತು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರು? ನೋಡುವವರನ್ನು ನೋಡುವವರು ಯಾರು? ಅಂತರರಾಷ್ಟ್ರೀಯ ಸಂಸ್ಥೆಗಳ ಆಡಳಿತ ಮಂಡಲಿಯನ್ನು ಹೇಗೆ ರಚಿಸಿದರೆ ಮೇಲ್ವಿಚಾರಣೆ ನಿಜವಾಗಿ ನಡೆದೀತು ಎಂಬುದು ಅರ್ಥಶಾಸ್ತ್ರಜ್ಞರೂ ರಾಜ್ಯಶಾಸ್ತ್ರಜ್ಞರೂ ಬಹುಕಾಲದಿಂದ ಚರ್ಚಿಸುತ್ತಿರುವ ಪ್ರಶ್ನೆ. ಅದು ಜಿನೀವಾ, ವಾಷಿಂಗ್ಟನ್ ನಗರಗಳ ಪ್ರಶ್ನೆಯೆಂದು ನಾವು ತಿಳಿಯುವುದುಂಟು. ಮಾಗಡಿಯ ಕೆರೆಯ ಏರಿಯ ಮೇಲೆ ನಿಂತರೂ ಅದು ಕಾಣುತ್ತದೆ.

ಮಂಡಲಿಯೆಂಬುದು ಏನೆಂದು ತಿಳಿಯುವುದಕ್ಕೆ ದೂರ ಹೋಗಬೇಕಾದುದಿಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. 1904ರ ಸಹಕಾರ ಕಾಯಿದೆಯ ಕೆಳಗೆ ನಮ್ಮ ದೇಶದಲ್ಲಿ ಹುಟ್ಟಿದ ಮೊದಲ ಸಂಘವೆಂದು ಅದು ಪ್ರಸಿದ್ಧವಾಗಿದೆ. (ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದಲ್ಲಿತ್ತು, ಗದಗ ಮಾತ್ರ ಮುಂಬಯಿ ಇಲಾಖೆಗೆ ಸೇರಿತ್ತು.) ಇಂಥ ಸಂಘದಲ್ಲಿ ಸರ್ವಸದಸ್ಯರ ಸಭೆ ವರ್ಷಕ್ಕೊಮ್ಮೆ ಕೂಡುವುದು. ನಡುವಿನ ಕಾಲದಲ್ಲಿ ವ್ಯವಹಾರವನ್ನು ನೋಡಿಕೊಳ್ಳುವುದಕ್ಕೆ ಸದಸ್ಯರು ಆರಿಸಿದ ವ್ಯವಸ್ಥಾಪಕ ಮಂಡಲಿ ಇರುವುದು. ದಿನದಿನದ ಕೆಲಸ ಕಾರ್ಯದರ್ಶಿಯದು. ಲೆಕ್ಕವನ್ನು ತಪಾಸಣೆ ಮಾಡುವವನು ಸಂಘದ ಹೊರಗಿನವನು. ಸರ್ಕಾರದ ರಿಜಿಸ್ಟ್ರಾರರ ಕಡೆಯವನು. ದೇಶದೇಶಗಳ ಸಂಸ್ಥೆಗಳೆಲ್ಲವೂ ಸ್ಥೂಲವಾಗಿ ಇದೇ ಅಚ್ಚಿನವು. ರಾಮ್ಸಾರ್ ಒಪ್ಪಂದದಲ್ಲಿ ಸರ್ವಸದಸ್ಯರ ಸಭೆ ಮೂರು ವರ್ಷಗಳಿಗೊಮ್ಮೆ ಕೂಡುತ್ತದೆ. 2025ರ ಜುಲೈಯಲ್ಲಿ ಕೂಡಿದ್ದು ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತದ ಊರಿನಲ್ಲಿ. ನಡುವಿನ ಕಾಲಕ್ಕೆ ಸ್ಥಾಯೀ ಸಮಿತಿಯಿದೆ. ಸ್ವಿಟ್ಜರ್ಲೆಂಡಿನ ಗ್ಲಾಂಡ್ ಎಂಬ ಊರಿನಲ್ಲಿ ಕಾರ್ಯಾಲಯವಿದೆ.

ಆದರೆ ಆ ಹಳೆಯ ಗ್ರಾಮಸಂಘಗಳಲ್ಲಿ ಒಂದು ವಿಶೇಷವಿತ್ತು. ಜರ್ಮನಿಯ ರೈಫೈಸನ್ ಎಂಬಾತನು ಹಳ್ಳಿಯ ಸಾಲಸಂಘಗಳಿಗೆ ಹಾಕಿಕೊಟ್ಟ ಪದ್ಧತಿಯನ್ನು ಅನುಸರಿಸಿ, 1904ರ ಕಾಯಿದೆಯಲ್ಲಿ ಗ್ರಾಮಸಂಘದ ಸದಸ್ಯರಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಯನ್ನು ವಿಧಿಸಿತ್ತು. ಎಂದರೆ, ಸಂಘ ಮುಳುಗಿದರೆ ಸಾಲಗಾರರು ಯಾವ ಸದಸ್ಯನ ಆಸ್ತಿಯ ಮೇಲೆಯೂ ಬರಬಹುದಾಗಿತ್ತು. ಇದು ಕ್ರೂರವೆಂದು ತೋರಬಹುದು; ಮುಂದೆ ಅದನ್ನು ಸಡಿಲಿಸಿದುದೂ ಸರಿಯೇ. ಆದರೆ ಅದರ ಪರಿಣಾಮವನ್ನು ನೋಡಿರಿ. ಬೀಜಕ್ಕೆಂದು ತೆಗೆದ ಸಾಲದಿಂದ ನೆರೆಯವನು ಮದುವೆಯ ಚಪ್ಪರ ಹಾಕಿಸಿದರೆ ಅದು ಸುತ್ತಲಿನವರೆಲ್ಲರ ಚಿಂತೆಯಾಗುತ್ತಿತ್ತು. ಮೇಲ್ವಿಚಾರಣೆಗೆ ಬೇರೆ ನೌಕರನೇ ಬೇಕಾಗಿರಲಿಲ್ಲ. ನಷ್ಟವನ್ನು ಹೊರುವವನೇ ಮಂಡಲಿಯಲ್ಲಿ ಕುಳಿತಿದ್ದ. ಅವನ ಕಣ್ಣಿಗೆ ಬೀಳದೆ ಏನೂ ನಡೆಯುತ್ತಿರಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳು ತಡವರಿಸುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಅಲ್ಲಿ ಮಂಡಲಿಯಲ್ಲಿ ಕೂರುವವನು ಒಬ್ಬ, ತಪ್ಪಿನ ಫಲವನ್ನು ಉಣ್ಣುವವನು ಇನ್ನೊಬ್ಬ. ನಡುವೆ ಸಾವಿರಾರು ಮೈಲಿಗಳ ಅಂತರ.

ಈಗ ಸ್ಥಾಯೀ ಸಮಿತಿಯ ರಚನೆಯನ್ನು ನೋಡೋಣ. ಇದು 1987ರಲ್ಲಿ ಕೆನಡಾದ ರೆಜೈನಾ ನಗರದ ಸಭೆಯಲ್ಲಿ ಹುಟ್ಟಿತು. ಸದಸ್ಯರಾಷ್ಟ್ರಗಳನ್ನು ಭೂಪ್ರದೇಶಗಳಿಗೆ ಅನುಸಾರವಾಗಿ ವಿಂಗಡಿಸಿ, ಒಂದೊಂದು ಪ್ರದೇಶದಲ್ಲಿ ಹನ್ನೆರಡು ರಾಷ್ಟ್ರಗಳವರೆಗೆ ಒಂದು ಸ್ಥಾನ, ಇಪ್ಪತ್ತನಾಲ್ಕರವರೆಗೆ ಎರಡು, ಹೀಗೆ ಲೆಕ್ಕ ಹಾಕಿ ಪ್ರತಿನಿಧಿಗಳನ್ನು ಆರಿಸುತ್ತಾರೆ. ಇಷ್ಟು ಸಣ್ಣ ಸಮಿತಿಯಲ್ಲಿ ಮಾತುಕತೆ ಸಾಧ್ಯ. ಎಲ್ಲರನ್ನೂ ಕೂರಿಸಿದರೆ ಅದು ಸಂತೆಯಾಗುತ್ತದೆ; ನಾಲ್ಕೇ ಮಂದಿಯನ್ನು ಕೂರಿಸಿದರೆ ಉಳಿದವರು ಅದನ್ನು ನಂಬುವುದಿಲ್ಲ. ಗಾತ್ರದ ಈ ಸಮಸ್ಯೆಗೆ ಪ್ರದೇಶವಾರು ಸೂತ್ರ ಹಿತವಾದ ಉತ್ತರವೆಂದೇ ಹೇಳಬೇಕು. ಕಾರ್ಯಾಲಯದ ಮೇಲಿನ ಹಿಡಿತ ಮಾತ್ರ ಅಷ್ಟು ಸರಳವಲ್ಲ. ಏಕೆಂದರೆ ಒಪ್ಪಂದಕ್ಕೆ ತನ್ನದೇ ಆದ ಕಾನೂನುಬದ್ಧ ವ್ಯಕ್ತಿತ್ವವಿಲ್ಲ. ಅದರ ಕಾರ್ಯಾಲಯವು ಐ.ಯು.ಸಿ.ಎನ್. ಎಂಬ ಪ್ರಕೃತಿ ಸಂರಕ್ಷಣೆಯ ಸಂಘದ ಆಶ್ರಯದಲ್ಲಿದೆ. ನೌಕರರು ಆ ಸಂಘದ ನೌಕರರು. ಮಹಾಕಾರ್ಯದರ್ಶಿಯು ಕೆಲಸಕ್ಕಾಗಿ ಸ್ಥಾಯೀ ಸಮಿತಿಗೂ ನೌಕರಿಯ ವಿಷಯಕ್ಕೆ ಐ.ಯು.ಸಿ.ಎನ್.ಗೂ ಉತ್ತರ ಹೇಳಬೇಕು. ಈ ಇಬ್ಬಗೆಯ ಹೊಣೆಯನ್ನು ತಪ್ಪಿಸಿ ಕಾರ್ಯಾಲಯವನ್ನು ವಿಶ್ವಸಂಸ್ಥೆಯ ಪರಿಸರ ಶಾಖೆಗೆ ಒಯ್ಯಬೇಕೇ ಎಂದು ಹಲವು ವರ್ಷ ಚರ್ಚೆ ನಡೆದು, 2012ರಲ್ಲಿ ಬುಕಾರೆಸ್ಟಿನ ಸಭೆಯು ಇದ್ದಲ್ಲಿಯೇ ಇರಲಿ ಎಂದು ತೀರ್ಮಾನಿಸಿತು. ಚರ್ಚೆಗೆ ಹಿಡಿದ ಕಾಲ ಕೆರೆಗಳಿಗೆ ದೊರೆತಿದ್ದರೆ ಒಳ್ಳೆಯದಿತ್ತು.

ಇದಕ್ಕಿಂತ ಗಹನವಾದ ತೊಡಕು ಇನ್ನೊಂದಿದೆ. ಸ್ಥಾಯೀ ಸಮಿತಿಯಲ್ಲಿ ಕೂರುವವು ಸದಸ್ಯರಾಷ್ಟ್ರಗಳು. ಸಮಿತಿ ಗಮನಿಸಬೇಕಾದದ್ದೂ ಸದಸ್ಯರಾಷ್ಟ್ರಗಳ ನಡತೆಯನ್ನೇ. ಕೆಡುತ್ತಿರುವ ತಾಣಗಳ ಹೆಸರನ್ನು ಬರೆದಿಡುವುದಕ್ಕೆ 1990ರಲ್ಲಿ ಮಾಂಟ್ರೂ ದಾಖಲೆಯೆಂಬ ಪುಸ್ತಕವನ್ನು ತೆರೆದರು. ರಾಜಸ್ಥಾನದ ಕೇವಲಾದೇವ ಮತ್ತು ಮಣಿಪುರದ ಲೋಕ್ತಾಕ್ ಅದರಲ್ಲಿವೆ. ಒಡಿಶಾದ ಚಿಲಿಕಾ ಸರೋವರವನ್ನು 1993ರಲ್ಲಿ ಸೇರಿಸಿದ್ದರು. ಅದರ ಬಾಯಿ ಹೂಳಿನಿಂದ ಕಟ್ಟಿ ಉಪ್ಪುನೀರು ಒಳಬರದೆ, ಮೀನು ಕಡಿಮೆಯಾಗಿ, ಕಳೆ ಹಬ್ಬಿತ್ತು. 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿಯನ್ನು ತೋಡಿದ ಮೇಲೆ ಸರೋವರ ಚೇತರಿಸಿಕೊಂಡಿತು; ರಾಮ್ಸಾರ್ ಪರಿಣತರು ಬಂದು ಕಣ್ಣಾರೆ ನೋಡಿದರು; 2002ರಲ್ಲಿ ಹೆಸರನ್ನು ತೆಗೆದುಹಾಕಿದರು. ಮೇಲ್ವಿಚಾರಣೆ ಫಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಆದರೆ ಒಂದು ಸಂಗತಿ: ಯಾವ ತಾಣವನ್ನೇ ಆಗಲಿ ಆ ದಾಖಲೆಗೆ ಸೇರಿಸುವುದಕ್ಕೆ ಆ ದೇಶದ ಒಪ್ಪಿಗೆ ಬೇಕು. ತನ್ನ ಕೆರೆ ಕೆಟ್ಟಿತೆಂದು ಹೇಳಿಕೊಳ್ಳುವ ಧೈರ್ಯವುಳ್ಳ ಸರ್ಕಾರಕ್ಕೆ ಮಾತ್ರ ದಾಖಲೆಯ ಉಪಯೋಗ. ಸಾಲ ತೀರಿಸದವರ ಯಾದಿಯಲ್ಲಿ ಹೆಸರು ಬರೆಯುವುದಕ್ಕೆ ಆ ಸಾಲಗಾರನದೇ ಒಪ್ಪಿಗೆ ಬೇಕೆಂದಿದ್ದರೆ ಪತ್ತಿನ ಸಂಘದ ಗತಿ ಏನಾಗುತ್ತಿತ್ತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದಕ್ಕೆ ಪರಿಹಾರವಾಗಿ ಮಂಡಲಿಯಲ್ಲಿ ಸರ್ಕಾರಗಳ ಬದಲು ಸ್ವತಂತ್ರ ವ್ಯಕ್ತಿಗಳನ್ನು ಕೂರಿಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಪರೀಕ್ಷಿಸಿದವರುಂಟು. ಯುನೆಸ್ಕೋ ಸಂಸ್ಥೆಯ ಮೊದಲ ಸಂವಿಧಾನದಂತೆ ಅದರ ಕಾರ್ಯಕಾರಿ ಮಂಡಲಿಯ ಹದಿನೆಂಟು ಸದಸ್ಯರು ತಮ್ಮ ತಮ್ಮ ಸರ್ಕಾರಗಳ ವಕ್ತಾರರಾಗಿರದೆ, ಇಡೀ ಸಭೆಯ ಪರವಾಗಿ ಸ್ವಂತ ವಿವೇಕದಿಂದ ನಡೆಯಬೇಕಾಗಿತ್ತು. ಹಿಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಸರ್ವಪಲ್ಲಿ ರಾಧಾಕೃಷ್ಣನ್ನರು 1948-49ರಲ್ಲಿ ಆ ಮಂಡಲಿಯ ಅಧ್ಯಕ್ಷರಾಗಿದ್ದರು. ಆದರೆ ಹಣ ಕೊಡುವ ಸರ್ಕಾರಗಳಿಗೆ ಇದು ರುಚಿಸಲಿಲ್ಲ. 1954ರಲ್ಲಿ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ಕಾರದ ಪ್ರತಿನಿಧಿಯೂ ಹೌದೆಂದು ತಿದ್ದಿದರು. 1991ರಲ್ಲಿ ಸ್ಥಾನವೇ ವ್ಯಕ್ತಿಯದಲ್ಲ, ರಾಷ್ಟ್ರದ್ದು ಎಂದಾಯಿತು. ಇಂದು ಆ ಮಂಡಲಿಯಲ್ಲಿ 58 ರಾಷ್ಟ್ರಗಳಿವೆ. ವಿದ್ವಾಂಸನಿಗೆ ಸ್ವಾತಂತ್ರ್ಯವುಂಟು, ಅಧಿಕಾರವಿಲ್ಲ. ಸರ್ಕಾರಕ್ಕೆ ಅಧಿಕಾರವುಂಟು, ಸ್ವಾತಂತ್ರ್ಯವಿಲ್ಲ. ರಾಮ್ಸಾರ್ ಒಪ್ಪಂದದವರು ಎರಡನ್ನೂ ಬೇರೆ ಬೇರೆ ಇಟ್ಟರು: ತೀರ್ಮಾನಕ್ಕೆ ಸರ್ಕಾರಗಳ ಸ್ಥಾಯೀ ಸಮಿತಿ, ಸಲಹೆಗೆ, 1993ರಲ್ಲಿ ಜಪಾನಿನ ಕುಶಿರೋ ನಗರದಲ್ಲಿ ನೇಮಿಸಿದ, ವಿಜ್ಞಾನಿಗಳ ಪರಿಶೀಲನಾ ಮಂಡಲಿ. ಈ ಏರ್ಪಾಡು ನಮಗೆ ಸಮಂಜಸವೆಂದು ತೋರುತ್ತದೆ. ಹೆಬ್ಬಾತುಗಳ ಎಣಿಕೆ ರಾಜಕಾರಣದಿಂದ ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ.

ಇನ್ನು ಮಂಡಲಿಯು ಕಾರ್ಯನಿರ್ವಾಹಕರಿಗೆ ಎಷ್ಟು ಹತ್ತಿರವಿರಬೇಕು? 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸಿನಲ್ಲಿ ವಿಶ್ವಬ್ಯಾಂಕು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗಳ ರೂಪರೇಖೆ ಸಿದ್ಧವಾಯಿತು. 1946ರ ಮಾರ್ಚಿನಲ್ಲಿ ಸವಾನಾ ನಗರದ ಸಭೆಯಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್, ನಿರ್ದೇಶಕರು ಪೂರ್ಣಾವಧಿ ಸಂಬಳದವರಾಗಿ ಕಚೇರಿಯಲ್ಲಿಯೇ ನೆಲೆಸಕೂಡದೆಂದು ವಾದಿಸಿದನು. ಅವನ ವಾದ ಸೋತಿತು. ಮುಂದಿನ ತಿಂಗಳಲ್ಲಿಯೇ ಅವನು ತೀರಿಕೊಂಡನು. ಆಗ ಹನ್ನೆರಡಿದ್ದ ನಿರ್ದೇಶಕರು ಈಗ ಎರಡು ಸಂಸ್ಥೆಗಳಲ್ಲಿಯೂ ಇಪ್ಪತ್ತೈದಾಗಿದ್ದಾರೆ. ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನಗಳಿಗೆ ಸೇರಿ ಒಂದೇ ಸ್ಥಾನ. ನಿಧಿಯಲ್ಲಿ ಮಂಡಲಿಯ ಅಧ್ಯಕ್ಷತೆಯನ್ನು ವಹಿಸುವವರು ಅದರ ಕಾರ್ಯನಿರ್ವಾಹಕ ಮುಖ್ಯಸ್ಥರೇ. ಎಂದರೆ, ಯಾರ ಕೆಲಸವನ್ನು ಮಂಡಲಿ ಪರೀಕ್ಷಿಸಬೇಕೋ ಅವರೇ ಸಭೆಯನ್ನು ನಡೆಸುವರು. ನಿಧಿಯ ಸ್ವತಂತ್ರ ಮೌಲ್ಯಮಾಪನ ಕಚೇರಿಯು 2008ರ ತನ್ನ ವರದಿಯಲ್ಲಿ, ಮಂಡಲಿಯು ದಿನದಿನದ ಕಾರ್ಯಭಾರದಲ್ಲಿ ಮುಳುಗಿ ಮೇಲ್ವಿಚಾರಣೆಗೆ ಸಾಕಷ್ಟು ಗಮನ ಕೊಡುತ್ತಿಲ್ಲವೆಂದೂ ಮುಖ್ಯಸ್ಥರ ಹೊಣೆಗಾರಿಕೆ ಸಡಿಲವಾಗಿದೆಯೆಂದೂ ಹೇಳಿತು. ಕೇನ್ಸನ ಭಯ ಬರಿಯ ಭಯವಾಗಿರಲಿಲ್ಲ. ವರ್ಷಕ್ಕೊಮ್ಮೆ ಕೂಡುವ ಸಮಿತಿಗೆ ಏನೂ ತಿಳಿಯುವುದಿಲ್ಲ. ದಿನವೂ ಕೂಡುವ ಮಂಡಲಿಯು ತಾನೇ ಕಚೇರಿಯಾಗಿಬಿಡುತ್ತದೆ.

ಮಂಡಲಿಯಲ್ಲಿ ಸ್ಥಾನವೇ ಇಲ್ಲದ, ಆದರೆ ಪರಿಣಾಮವನ್ನು ಅನುಭವಿಸುವ ಜನರ ಮಾತು ಮೇಲೆ ಮುಟ್ಟುವ ದಾರಿ ಯಾವುದು? ಇದಕ್ಕೆ ಎರಡು ಬಗೆಯ ಉತ್ತರಗಳು ದೊರೆತಿವೆ. ಒಂದು, ಅವರನ್ನು ಒಳಗೇ ಕೂರಿಸುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಡಳಿತ ಮಂಡಲಿಯ 56 ಸ್ಥಾನಗಳಲ್ಲಿ ಅರ್ಧ ಸರ್ಕಾರಗಳಿಗೆ; ಉಳಿದುದರಲ್ಲಿ 14 ಮಾಲೀಕರಿಗೆ, 14 ಕಾರ್ಮಿಕರಿಗೆ. ಭಾರತ 1922ರಿಂದಲೂ ಅಲ್ಲಿ ಖಾಯಂ ಸ್ಥಾನವನ್ನು ಪಡೆದಿದೆ. ಎರಡನೆಯದು, ಅವರಿಗೆ ದೂರು ಕೊಡುವ ಬಾಗಿಲನ್ನು ತೆರೆಯುವುದು. ನರ್ಮದಾ ನದಿಯ ಸರ್ದಾರ್ ಸರೋವರಕ್ಕೆ ವಿಶ್ವಬ್ಯಾಂಕು ಕೊಟ್ಟ ಸಾಲದ ವಿಷಯದಲ್ಲಿ ಮುಳುಗಡೆಯ ಜನರಿಗೆ ನ್ಯಾಯ ದೊರೆಯಲಿಲ್ಲವೆಂದು ಕೂಗೆದ್ದು, ಬ್ಯಾಂಕು ತಾನೇ ನೇಮಿಸಿದ ಮೋರ್ಸ್ ಸಮಿತಿಯು 1992ರಲ್ಲಿ ಕಟುವಾದ ವರದಿಯನ್ನು ಕೊಟ್ಟಿತು. ನಮ್ಮ ಮೇಲ್ದಂಡೆ ಕೃಷ್ಣಾ ಯೋಜನೆಯಲ್ಲಿಯೂ ಪುನರ್ವಸತಿಯ ಕೊರತೆಗಾಗಿ 1990ರ ದಶಕದಲ್ಲಿ ಬ್ಯಾಂಕು ಹಣವನ್ನು ತಡೆಹಿಡಿದಿತ್ತು. ಇಂಥ ಅನುಭವಗಳ ಫಲವಾಗಿ 1993ರಲ್ಲಿ ಮೂವರು ಸದಸ್ಯರ ತನಿಖಾ ಮಂಡಲಿ ಹುಟ್ಟಿತು. ಬಾಧೆಗೊಳಗಾದ ಇಬ್ಬರು ಸೇರಿದರೂ ಸಾಕು, ದೂರು ಕೊಡಬಹುದು. ಈ ಮೂವರು ಬ್ಯಾಂಕಿನ ಅಧಿಕಾರಿಗಳಿಗಲ್ಲ, ನೇರವಾಗಿ ನಿರ್ದೇಶಕರ ಮಂಡಲಿಗೆ ವರದಿ ಮಾಡುತ್ತಾರೆ. ಅವಧಿ ಮುಗಿದ ಮೇಲೆ ಅವರು ಮುಂದೆಂದೂ ಬ್ಯಾಂಕಿನಲ್ಲಿ ನೌಕರಿ ಮಾಡುವಂತಿಲ್ಲ. ಈ ಕೊನೆಯ ನಿಯಮ ಸಣ್ಣದಾಗಿ ಕಂಡರೂ ನಾವು ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ. ನಾಳೆ ಯಾರ ಕೈಯಿಂದ ಸಂಬಳ ಪಡೆಯುವ ಆಸೆಯಿದೆಯೋ ಅವರ ತಪ್ಪನ್ನು ಇಂದು ಬರೆಯುವುದು ಮನುಷ್ಯಮಾತ್ರದವನಿಗೆ ಕಷ್ಟ.

ಮತ್ತೆ ಮಾಗಡಿಗೆ ಬರೋಣ. ರಾಮ್ಸಾರ್ ಒಪ್ಪಂದದಲ್ಲಿ ಇಂಥ ತನಿಖಾ ಮಂಡಲಿ ಇಲ್ಲ. ಬೆಳೆಯನ್ನು ಹೆಬ್ಬಾತು ಮೇಯ್ದರೆ ರೈತನು ಗ್ಲಾಂಡಿಗೆ ಕಾಗದ ಬರೆದು ಆಗುವುದೇನೂ ಇಲ್ಲ. ಕೆರೆಯ ನೀರನ್ನು ಹಕ್ಕಿಗಳಿಗಾಗಿ ಎಷ್ಟು ಉಳಿಸಬೇಕು, ಹೊಲಕ್ಕೆ ಎಷ್ಟು ಬಿಡಬೇಕು, ಹೂಳನ್ನು ಯಾವ ತಿಂಗಳಲ್ಲಿ ತೆಗೆಯಬೇಕು, ಮೀನು ಹಿಡಿಯುವವರು ಏನು ಮಾಡಬೇಕು ಎಂಬ ಪ್ರಶ್ನೆಗಳು ಏಳುವುದು ಇಲ್ಲಿ. ಉತ್ತರವೂ ಇಲ್ಲಿಯೇ ಸಿಗಬೇಕು. ಅದಕ್ಕೊಂದು ಮಂಡಲಿಯನ್ನು ನಮ್ಮ ಕಾನೂನೇ ಕಲ್ಪಿಸಿದೆ. ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಂತೆ ಇಂಥ ಪ್ರದೇಶಕ್ಕೆ ವ್ಯವಸ್ಥಾಪನಾ ಸಮಿತಿಯಿರಬೇಕು. ಅರಣ್ಯ ಇಲಾಖೆಯವರು ಅದರ ಸದಸ್ಯ ಕಾರ್ಯದರ್ಶಿ. ಪ್ರದೇಶವು ಯಾವ ಯಾವ ಗ್ರಾಮ ಪಂಚಾಯಿತಿಗೆ ಸೇರಿದೆಯೋ ಅವುಗಳಿಂದ ಒಬ್ಬೊಬ್ಬರು, ವನ್ಯಜೀವಿಗಳ ರಕ್ಷಣೆಯಲ್ಲಿ ತೊಡಗಿದ ಸ್ವಯಂಸೇವಾ ಸಂಘಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು ಅದರಲ್ಲಿರುತ್ತಾರೆ.

ನಾವು ಈವರೆಗೆ ನೋಡಿದ ಅಳತೆಗೋಲುಗಳನ್ನು ಈ ಸಮಿತಿಗೆ ಹಚ್ಚಿ ನೋಡಿದರೆ ಅದರ ಗುಣವೂ ಕೊರತೆಯೂ ಕಾಣುತ್ತವೆ. ಗಾತ್ರ ಚಿಕ್ಕದು, ಒಂದು ಕೋಣೆಯಲ್ಲಿ ಕುಳಿತು ಮಾತನಾಡಬಹುದು. ಹಕ್ಕಿಯ ಪರವಾಗಿ ಮಾತನಾಡುವವರಿದ್ದಾರೆ, ಹೊಲದ ವಿಷಯ ಬಲ್ಲವರಿದ್ದಾರೆ, ಊರಿನವರಿದ್ದಾರೆ. ದೇಶದೇಶಗಳ ದೊಡ್ಡ ಮಂಡಲಿಗಳಲ್ಲಿ ಸಿಗದ ಕೂಟ ಇದು. ಆದರೆ ಇದರ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡುವುದಷ್ಟೇ. ಕೆರೆಯನ್ನು ನಡೆಸುವ ಇಲಾಖೆಯೇ ಸಮಿತಿಯ ಕಾಗದಪತ್ರಗಳನ್ನೂ ಬರೆಯುತ್ತದೆ. ನಿಧಿಯ ಮಂಡಲಿಯಲ್ಲಿ ಕಂಡ ದೋಷದ ಚಿಕ್ಕ ಪಡಿಯಚ್ಚು ಇದು. ಪಂಚಾಯಿತಿಯ ಪ್ರತಿನಿಧಿಯಿದ್ದರೂ ನೀರು ಬಳಸುವ ರೈತನಿಗೆ, ಮೀನುಗಾರನಿಗೆ ಹೆಸರಿಟ್ಟು ಕೊಟ್ಟ ಸ್ಥಾನವಿಲ್ಲ. ಲೆಕ್ಕವನ್ನೂ ಕೆಲಸವನ್ನೂ ಹೊರಗಿನಿಂದ ಬಂದು ನೋಡಿ ಸಮಿತಿಗೇ ವರದಿ ಮಾಡುವ ಸ್ವತಂತ್ರ ಪರೀಕ್ಷಕನಿಲ್ಲ. ಕಣಗಿನಹಾಳದ ಸಂಘದಂಥ ಚಿಕ್ಕ ಸಂಘಕ್ಕೂ 1905ರಲ್ಲಿಯೇ ಇದ್ದದ್ದು ಅದು.

ಒಪ್ಪಂದದ ನಿಯಮದಂತೆ, ಪಟ್ಟಿಯಲ್ಲಿರುವ ಪ್ರತಿಯೊಂದು ತಾಣದ ವಿವರಪತ್ರವನ್ನು ಆರು ವರ್ಷಗಳಿಗೊಮ್ಮೆಯಾದರೂ ಹೊಸದಾಗಿ ಬರೆದು ಕಳುಹಿಸಬೇಕು. ನೀರಿನ ಮಟ್ಟ, ಹೂಳು, ಹಕ್ಕಿಗಳ ಸಂಖ್ಯೆ, ಸುತ್ತಲಿನ ಬೇಸಾಯ, ಒದಗಿರುವ ಅಪಾಯಗಳು ಎಲ್ಲಕ್ಕೂ ಅದರಲ್ಲಿ ಅಂಕಣಗಳಿವೆ. ಈ ದಶಕ ಮುಗಿಯುವ ಹೊತ್ತಿಗೆ ಮಾಗಡಿಯ ಸರದಿ ಬರುತ್ತದೆ. ಗ್ಲಾಂಡಿನ ಕಾರ್ಯಾಲಯಕ್ಕೆ ಮಾಗಡಿಯನ್ನು ಕಾಣುವ ಮುಖ್ಯ ಕಿಟಕಿ ಅದೇ ಪತ್ರ. ಅದನ್ನು ಬರೆಯುವ ಮೊದಲು ವ್ಯವಸ್ಥಾಪನಾ ಸಮಿತಿಯು ಕನ್ನಡದಲ್ಲಿ ಅದರ ಕರಡನ್ನು ಮಾಡಿ ಮಾಗಡಿಯ ಗ್ರಾಮಸಭೆಯಲ್ಲಿ ಓದಿಸಿ, ಯಾವ ಹೊಲದಲ್ಲಿ ಎಷ್ಟು ಬೆಳೆ ಹೋಯಿತು, ಯಾವ ವರ್ಷ ಕೆರೆ ಎಷ್ಟು ತುಂಬಿತ್ತು ಎಂಬುದನ್ನು ಅಲ್ಲಿ ಕುಳಿತವರಿಂದಲೇ ಬರೆಯಿಸಿಕೊಂಡರೆ, ಅದಕ್ಕೆ ಹೊಸ ಕಾನೂನೂ ಬೇಡ, ಗ್ಲಾಂಡಿನ ಅಪ್ಪಣೆಯೂ ಬೇಡ.